ಬುಡಾಪೆಸ್ಟಿನ ಪಾಳುಮನೆಯಲ್ಲಿ ಒಂದು ಊಟ

"ಅಮ್ಮಾ, ಭಾನುವಾರ ಒಂದು ಒಳ್ಳೆ ಜಾಗಕ್ಕೆ ಕರ್ಕೊಂಡು ಹೋಗ್ತೀನಿ" ಎಂದು ಮಗ ಹೇಳಿದ್ದನ್ನು ನಂಬಿ ನಾನು ರೇಷ್ಮೆ ಸೀರೆ ಉಟ್ಟೆ. ಇವರು ಕೋಟು ಹಾಕಿದರು. ಬುಡಾಪೆಸ್ಟಿನ ಕಜಿಂತ್ಸಿ ಬೀದಿಯಲ್ಲಿ ಹದಿನಾಲ್ಕನೇ ನಂಬರಿನ ಬಾಗಿಲ ಮುಂದೆ ಅವನು ನಿಂತಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಗಾರೆ ಉದುರಿದ ಗೋಡೆ, ಒಳಗಿನ ಇಟ್ಟಿಗೆ ಎದ್ದು ಕಾಣುತ್ತಿದೆ. "ಇದೇನೋ, ಬಿದ್ದುಹೋಗೋ ಮನೆ!" ಎಂದರು ಇವರು.

ಅದರ ಹೆಸರು ಸಿಂಪ್ಲಾ ಕೆರ್ಟ್. ಕೆರ್ಟ್ ಎಂದರೆ ತೋಟ. ರಾತ್ರಿ ಹೊತ್ತು ಕುಡಿಯುವವರ ಜಾಗವೇ, ಮುಚ್ಚಿಡುವುದೇನು! ಆದರೆ ಭಾನುವಾರ ಬೆಳಿಗ್ಗೆ ರೈತರ ಸಂತೆ. ತರಕಾರಿ, ಜೇನು, ಗಿಣ್ಣು, ಬಾಟಲಿಗೆ ತುಂಬಿದ ಹಣ್ಣಿನ ಪಾಕ ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ.

ಒಳಗೆ ಕಾಲಿಟ್ಟರೆ, ಅಬ್ಬಬ್ಬಾ, ಎಲ್ಲಿ ನೋಡಲಿ ಎಲ್ಲಿ ಬಿಡಲಿ! ಒಂದು ಕುರ್ಚಿಯಂತೆ ಇನ್ನೊಂದು ಕುರ್ಚಿಯಿಲ್ಲ. ಸ್ನಾನದ ತೊಟ್ಟಿಯ ಒಂದು ಪಕ್ಕ ಕತ್ತರಿಸಿ ಸೋಫಾ ಮಾಡಿದ್ದಾರೆ. ಹಳೇ ಟೆಲಿವಿಷನ್ ಪೆಟ್ಟಿಗೆಗಳು, ಬಣ್ಣಬಣ್ಣದ ದೀಪಗಳು, ತಲೆಯ ಮೇಲೆ ತೂಗುಬಿಟ್ಟ ಸೈಕಲ್ಲು. ಅಂಗಳದಲ್ಲೊಂದು ಟ್ರಬಾಂಟ್ ಕಾರು, ಅದರೊಳಗೇ ಕೂತು ಕಾಫಿ ಕುಡಿಯಬಹುದು. ಪೂರ್ವ ಜರ್ಮನಿಯಲ್ಲಿ 1957ರಿಂದ 1991ರವರೆಗೆ ತಯಾರಾದ ಕಾರು ಅದು. ಮೈಗೆ ತಗಡಿನ ಬದಲು ಹತ್ತಿಯ ಕಸ ಮತ್ತು ರಾಳ ಸೇರಿಸಿ ಒತ್ತಿದ ಹಲಗೆ. ಒಂದು ಕಾರಿಗೆ ಜನ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿದ್ದರಂತೆ. ಈ ಎಲ್ಲದರ ಸಂದಿಯಲ್ಲೂ ಹಸಿರು, ಕುಂಡದಲ್ಲಿ, ಕಂಬದ ಮೇಲೆ, ಮಹಡಿಯ ಕಟಕಟೆಯಿಂದ ಇಳಿಬಿದ್ದು.

ಆ ಕಟಕಟೆ ನೋಡಿಯೇ ನನಗೆ ಒಂದು ಥರಾ ಆಯಿತು. ಅಲ್ಲಿನ ಹಳೇ ಮನೆಗಳು ನಮ್ಮ ತೊಟ್ಟಿಮನೆಯ ಹಾಗೇ ಇವೆ. ನಡುವೆ ಅಂಗಳ, ಸುತ್ತ ಓಡಾಡಲು ಜಗಲಿ, ಅದಕ್ಕೆ ತೆರೆಯುವ ಬಾಗಿಲುಗಳು. ಹಾಗಾದರೆ ಆ ಬಾಗಿಲುಗಳ ಹಿಂದೆ ಇದ್ದವರು ಎಲ್ಲಿ?

ಉತ್ತರವನ್ನು ಹಿಂದಿನ ದಿನವೇ ನೋಡಿ ಬಂದಿದ್ದೆವು. ಹತ್ತಿರದ ದೊಹಾನಿ ಬೀದಿಯಲ್ಲಿ 1859ರಲ್ಲಿ ಮುಗಿದ ದೊಡ್ಡ ಯಹೂದಿ ಪ್ರಾರ್ಥನಾ ಮಂದಿರವಿದೆ. ಅದರ ತೋಟದಲ್ಲೇ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹೂಳಿದ್ದಾರೆ. ಈ ಏಳನೇ ವಿಭಾಗದ ಬೀದಿಗಳಿಗೆ 1944ರ ಕೊನೆಯಲ್ಲಿ ಬೇಲಿ ಹಾಕಿ, ಸುಮಾರು 70,000 ಯಹೂದಿಯರನ್ನು ತುರುಕಿದ್ದರು. 1945ರ ಜನವರಿಯಲ್ಲಿ ಸೋವಿಯೆತ್ ಸೈನ್ಯ ಬರುವಷ್ಟರಲ್ಲಿ ಹಸಿವಿಗೆ, ಚಳಿಗೆ, ಗುಂಡಿಗೆ ಸತ್ತವರು ಎಷ್ಟೋ. ಆಮೇಲೆ ಮನೆಗಳು ಸರ್ಕಾರದ ವಶವಾದವು, ರಿಪೇರಿ ಕಾಣಲಿಲ್ಲ. 1989ರ ನಂತರ ಹಲವು ಮನೆಗಳನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸುವ ಹವಣಿಕೆ. ಈ ಹೋಟೆಲನ್ನು 2002ರಲ್ಲಿ ಬೇರೆ ಕಡೆ ಶುರು ಮಾಡಿದ ಹುಡುಗರು 2004ರಲ್ಲಿ ಈ ಪಾಳುಕಟ್ಟಡಕ್ಕೆ ಬಂದರು. ದುಡ್ಡಿಲ್ಲ, ಪೀಠೋಪಕರಣ ಎಲ್ಲಿಂದ ಬರಬೇಕು? ಆ ಊರಿನಲ್ಲಿ ಬಡಾವಣೆಗೊಂದು ದಿನ ಗೊತ್ತುಮಾಡಿ, ಬೇಡದ ಸಾಮಾನೆಲ್ಲ ಬೀದಿಗೆ ಇಡುವ ಪದ್ಧತಿ ಇದೆ. ಇಂಥ ಪಾಳು ಹೋಟೆಲುಗಳು ತುಂಬಿದ್ದು ಬಹಳಮಟ್ಟಿಗೆ ಹಾಗೆ.

ಅಕಾತ್ಸ್‌ಫಾ ಬೀದಿಯ ಮಾಝೆಲ್ ತೋವ್ ಎಂಬಲ್ಲಿಗೂ ಒಂದು ಸಂಜೆ ಹೋಗಿದ್ದೆವು. ಅಲ್ಲೂ ಹಳೇ ಇಟ್ಟಿಗೆ ಗೋಡೆ, ಬಳ್ಳಿ, ಗಿಡ. ಆದರೆ ಎಲ್ಲವೂ ಗುಡಿಸಿ ಒರೆಸಿದ ಹಾಗೆ. ಚೆನ್ನಾಗಿದೆ, ಆದರೆ ನನಗೆ ಸಿಂಪ್ಲಾದ ಅವ್ಯವಸ್ಥೆಯೇ ಹಿಡಿಸಿತು.

ಹಾಗಂತ ಎಲ್ಲ ಸೊಗಸೇ ಎನ್ನಲಾರೆ. ಸುತ್ತಲಿನ ಮನೆಗಳಲ್ಲಿ ಇಂದಿಗೂ ಸಂಸಾರಗಳಿವೆ. ರಾತ್ರಿಯಿಡೀ ಗಲಾಟೆ, ಬಾಗಿಲ ಮುಂದೆ ಗಲೀಜು. ಮಧ್ಯರಾತ್ರಿಗೆ ಮುಚ್ಚಿಸಬೇಕೆಂದು 2018ರಲ್ಲಿ ಆ ವಿಭಾಗದಲ್ಲಿ ಜನಮತ ಕೇಳಿದರು. ಮತ ಹಾಕಲು ಸಾಕಷ್ಟು ಜನ ಬಾರದೆ ಅದು ಅನೂರ್ಜಿತವಾಯಿತು. ನಿದ್ದೆಗೆಟ್ಟ ಮುದುಕಿಯರ ಪಾಡು ಯಾರಿಗೆ ಬೇಕು!

ಊಟಕ್ಕೆ ಲಾಂಗೋಶ್ ತಿಂದೆವು. ನಮ್ಮ ಭಟೂರದ ಅಕ್ಕ ಅನ್ನಿ. ಮೈದಾಕ್ಕೆ ಈಸ್ಟ್, ಉಪ್ಪು, ಬೆಚ್ಚನೆ ನೀರು ಹಾಕಿ ಮೆತ್ತಗೆ ಕಲಸಿ, ಉಬ್ಬಿದ ಮೇಲೆ ಎಣ್ಣೆ ಮುಟ್ಟಿದ ಕೈಯಲ್ಲೇ ಅಗಲಿಸಿ ಕರಿಯುವುದು. ಬೇಯಿಸಿದ ಆಲೂಗಡ್ಡೆ ಬೆರೆಸುವವರೂ ಉಂಟು. ಬಿಸಿ ಇರುವಾಗಲೇ ಬೆಳ್ಳುಳ್ಳಿ ಜಜ್ಜಿದ ನೀರು ಸವರಿ, ಹುಳಿ ಕೆನೆ, ತುರಿದ ಗಿಣ್ಣು ಹಾಕುತ್ತಾರೆ. ಮನೆಯಲ್ಲಿ ಮಾಡುವಾಗ ನಾನು ಕೆನೆಯ ಬದಲು ನೀರು ಬಸಿದ ಗಟ್ಟಿ ಮೊಸರು ಹಾಕುತ್ತೇನೆ, ಚೆನ್ನಾಗಿಯೇ ಆಗುತ್ತದೆ.

ತಿನ್ನುತ್ತಾ ನಾನು ಕೂತಿದ್ದ ಕುರ್ಚಿಯ ಕೈ ಸವರಿದೆ. ಯಾರದೋ ಬೆರಳು ಆಡಿ ಆಡಿ ನುಣುಪಾಗಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆ ಮಾರಿದಾಗ ಕಂಬ, ಬಾಗಿಲುವಾಡ ಎಲ್ಲವನ್ನೂ ಹಳೇ ಸಾಮಾನಿನವನಿಗೆ ಕೊಟ್ಟೆವು. ಲಾರಿ ಹೋದ ಮೇಲೆ ಇವರು ಎರಡು ದಿನ ಮಾತಾಡಿರಲಿಲ್ಲ. ಈಗ ಯಾವ ಊರಿನ ಯಾವ ಹೋಟೆಲಿನಲ್ಲಿ ನಿಂತಿವೆಯೋ.

ಇವರೂ ಅದನ್ನೇ ಯೋಚಿಸುತ್ತಿದ್ದರೆಂದು ಕಾಣುತ್ತೆ. ಅಲ್ಲಿಂದಲೇ ಊರಿಗೆ, ತಮ್ಮ ಅಕ್ಕನಿಗೆ ಫೋನು ಮಾಡಿದರು.

"ಅಕ್ಕಾ, ಅಮ್ಮನ ತೂಗುಮಣೆ ನಿಮ್ಮ ಅಟ್ಟದ ಮೇಲೆ ಇದೆಯಾ?"

"ಇದೆಯಪ್ಪ, ಅದರ ಮೇಲೆ ಅಡಿಕೆ ಮೂಟೆ ಇಟ್ಟಿದೀನಿ. ಯಾಕೆ?"

"ಯಾರಿಗೂ ಕೊಡಬೇಡ" ಎಂದರು ಇವರು.