ಹದಿನೈದು ದಿನದ ರಜೆ, ಹದಿನೇಳು ಸಾವಿರ ದ್ವೀಪ

ಇಂಡೋನೇಶಿಯಾದಲ್ಲಿ ದ್ವೀಪಗಳ ಸಂಖ್ಯೆ 17,000ಕ್ಕೂ ಮೇಲು. ನಮಗೆ ಮಂಜೂರಾಗಬಹುದಾದ ಗಳಿಕೆ ರಜೆ 15 ದಿನ. ಈ ಎರಡು ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಎದುರುಬದುರಾಗಿ ಬರೆದುಕೊಂಡಲ್ಲಿಂದ ನಮ್ಮ ಪ್ರವಾಸದ ಸಿದ್ಧತೆ ಮೊದಲಾಯಿತೆನ್ನಬೇಕು. ಸುಮಾತ್ರದ ಪಶ್ಚಿಮ ತುದಿಯಿಂದ ಪಪುವಾದ ಪೂರ್ವದ ಗಡಿಯವರೆಗೆ ಆ ದೇಶ 5,000 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಬ್ಬಿದೆ. ನಮ್ಮ ಭಾರತವೇ ಉತ್ತರ-ದಕ್ಷಿಣವಾಗಿ 3,214 ಕಿಲೋಮೀಟರು! ಅಲ್ಲಿ ಗಡಿಯಾರಗಳೇ ಮೂರು. ಜಕಾರ್ತ ನಮಗಿಂತ ಒಂದೂವರೆ ಗಂಟೆ ಮುಂದು, ಬಾಲಿ ಎರಡೂವರೆ ಗಂಟೆ, ಪಪುವಾ ಮೂರೂವರೆ ಗಂಟೆ. ಹೀಗಿರುವಾಗ 'ಇಂಡೋನೇಶಿಯಾ ನೋಡಿ ಬರುತ್ತೇವೆ' ಎನ್ನುವುದು ಸಮುದ್ರವನ್ನು ತಂಬಿಗೆಯಲ್ಲಿ ತರುತ್ತೇವೆ ಎಂದ ಹಾಗೆ.

ನಮ್ಮ ತಂಡದಲ್ಲಿ ಐವರು. ನಾವಿಬ್ಬರು, ಇಬ್ಬರು ಮಕ್ಕಳು, ಮತ್ತು ಎಪ್ಪತ್ತಾರು ವರ್ಷದ ತಂದೆಯವರು. ತಂದೆಯವರು ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿದವರು. ಬೊರೊಬುದುರಿನ ಸ್ತೂಪವನ್ನು ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಎಷ್ಟು ಸಲ ಬರೆದಿದ್ದಾರೋ, ಅದರ ಲೆಕ್ಕ ಅವರಿಗೇ ಇಲ್ಲ. ಕಣ್ಣಿಂದ ನೋಡಿದ್ದು ಮಾತ್ರ ಒಮ್ಮೆಯೂ ಇಲ್ಲ. ಎರಡು ವರ್ಷದಿಂದ ಅವರ ಮೊಣಕಾಲು ಹಟ ಹಿಡಿದಿದೆ. ಇನ್ನೆರಡು ವರ್ಷ ತಡೆದರೆ ಈ ಪ್ರವಾಸಕ್ಕೆ ಅರ್ಥವಿರುವುದಿಲ್ಲವೆಂದು ವೈದ್ಯರು ಬಾಯಿಬಿಟ್ಟು ಹೇಳದಿದ್ದರೂ ನಮಗೆ ತಿಳಿಯಿತು. ಆದ್ದರಿಂದ ಮನೆಗೆ ಬಣ್ಣ ಹೊಡೆಸಲೆಂದು ಇಟ್ಟ ಠೇವಣಿಯನ್ನು ಮುರಿಸುವುದೆಂದು ನಿರ್ಧಾರವಾಯಿತು. ಗೋಡೆಗಳು ಕಾಯಬಲ್ಲವು.

ಸರಕಾರಿ ನೌಕರನಿಗೆ ರಜಾ ಪ್ರವಾಸದ ಸವಲತ್ತು ಉಂಟಷ್ಟೆ. ಅದು ದೇಶದ ಗಡಿಯೊಳಗೆ ಮಾತ್ರ. ಹೊರದೇಶಕ್ಕೆ ಹೊರಟರೆ ಖರ್ಚೂ ನಮ್ಮದು, ಜೊತೆಗೆ ಕಚೇರಿಯ ಪೂರ್ವಾನುಮತಿಯೂ ಬೇಕು. ಇನ್ನೊಬ್ಬರ ಅರ್ಜಿಗಳ ಮೇಲೆ ಟಿಪ್ಪಣಿ ಬರೆಯುವುದೇ ವೃತ್ತಿಯಾದ ನಮಗೆ ನಮ್ಮದೇ ಅರ್ಜಿ ಮೇಜಿನಿಂದ ಮೇಜಿಗೆ ನಡೆಯುವುದನ್ನು ನೋಡುವ ಯೋಗ ಒದಗಿತು. ವಿಸಾದ ವಿಷಯ ಅದಕ್ಕಿಂತ ಸುಲಭ. ಭಾರತೀಯರಿಗೆ ಅಲ್ಲಿ ಇಳಿದ ಮೇಲೆಯೇ 30 ದಿನದ ವಿಸಾ ದೊರೆಯುತ್ತದೆ; ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಶುಲ್ಕ ತಲೆಗೆ 5 ಲಕ್ಷ ರೂಪಿಯಾ. ಐವರಿಗೆ 25 ಲಕ್ಷ ಎಂದಾಗ ಮನೆಯಾಕೆ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಸುಮಾರು ಇನ್ನೂರರ ಹತ್ತಿರ ರೂಪಿಯಾ ಬರುವುದರಿಂದ, ಅದು ನಮ್ಮ ಲೆಕ್ಕದಲ್ಲಿ ಹದಿಮೂರು ಸಾವಿರದ ಆಸುಪಾಸು. ಬಾಲಿಗೆ ಕಾಲಿಡುವ ಪರದೇಶಿಯರು 2024ರ ಫೆಬ್ರುವರಿಯಿಂದ ಬೇರೆಯಾಗಿ 1,50,000 ರೂಪಿಯಾ ಕೊಡಬೇಕು. ಅದನ್ನೂ ಲೆಕ್ಕಪುಸ್ತಕದಲ್ಲಿ ಬರೆದುಕೊಂಡೆವು.

ಇನ್ನು ಹೊರಡುವ ಕಾಲ. ಯುಗಾದಿಯ ಸುಮಾರಿಗೆ ಹೋದರೆ ಹೇಗೆಂದು ತಂದೆಯವರು ಕೇಳಿದರು. ಆದರೆ ಬಾಲಿಯ ಹಿಂದುಗಳದೂ ಶಕ ವರ್ಷವೇ. ಅವರ ಹೊಸ ವರ್ಷದ ದಿನ 'ನ್ಯೆಪಿ'. 2023ರಲ್ಲಿ ನಮ್ಮ ಯುಗಾದಿಯೂ ಅವರ ನ್ಯೆಪಿಯೂ ಮಾರ್ಚ್ 22ರಂದೇ ಬಂದಿದ್ದವು. ನಮ್ಮಲ್ಲಿ ಬೇವು-ಬೆಲ್ಲ, ಹೋಳಿಗೆ. ಅವರಲ್ಲಿ ಸಂಪೂರ್ಣ ಮೌನ. ದೀಪವಿಲ್ಲ, ಒಲೆಯಿಲ್ಲ, ಬೀದಿಯಲ್ಲಿ ನರಪಿಳ್ಳೆಯಿಲ್ಲ. ವಿಮಾನ ನಿಲ್ದಾಣವನ್ನು ಸಹ 24 ಗಂಟೆ ಮುಚ್ಚುತ್ತಾರೆ. ಪ್ರವಾಸಿಯೂ ವಸತಿಗೃಹದಿಂದ ಹೊರಬೀಳುವಂತಿಲ್ಲ. ಒಂದು ದಿನದ ಮೌನ ನಮ್ಮ ಮಕ್ಕಳಿಗೆ ಅಗತ್ಯವಾದುದೇ ಆದರೂ, ಹದಿನೈದರಲ್ಲಿ ಒಂದು ದಿನವನ್ನು ಹಾಗೆ ಕೊಟ್ಟುಬಿಡುವ ಧಾರಾಳತನ ನಮಗೆ ಬರಲಿಲ್ಲ. ರಮಜಾನಿನ ಹಬ್ಬದ ವಾರವೂ ಬೇಡ. ಆಗ ಲಕ್ಷೋಪಲಕ್ಷ ಜನ ಊರಿಗೆ ಹೊರಡುವುದರಿಂದ ರೈಲಿನಲ್ಲಿ ಜಾಗ ಸಿಗುವುದು ದುಸ್ತರ. ಜಾವಾ, ಬಾಲಿಗಳಲ್ಲಿ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಒಣ ಹವೆ. (ಅದೇ ದೇಶದ ಅಂಬೋನ್ ದ್ವೀಪದಲ್ಲಿ ಜೂನ್, ಜುಲೈ ತಿಂಗಳಲ್ಲಿಯೇ ಜಡಿಮಳೆ!) ಮಕ್ಕಳ ಬೇಸಿಗೆ ರಜೆಯೂ ಕೂಡಿಬರುವಂತೆ ಮೇ ತಿಂಗಳನ್ನು ಗೊತ್ತುಮಾಡಿದೆವು.

ಆಮೇಲೆ ಕತ್ತರಿ ಹಿಡಿದು ಕುಳಿತೆವು. ಪಪುವಾ ಮೊದಲು ಹೋಯಿತು. ಸುಲಾವೆಸಿಯ ತೊರಾಜ ಜನರ ದೋಣಿಯಾಕಾರದ ಮಾಡಿನ ಮನೆಗಳೂ ಹೋದವು. ಸುಮಾತ್ರದ ತೋಬಾ ಸರೋವರವನ್ನು ಬಿಡುವಾಗ ಮಾತ್ರ ಮನಸ್ಸಿಗೆ ಕೆಡುಕೆನಿಸಿತು. ಸುಮಾರು 74,000 ವರ್ಷಗಳ ಹಿಂದೆ ಅಲ್ಲಿ ಜ್ವಾಲಾಮುಖಿ ಸಿಡಿದ ಕುಳಿಯೇ ಈಗ 100 ಕಿಲೋಮೀಟರ್ ಉದ್ದದ ಸರೋವರ. ಅದರ ಬೂದಿ ಹಾರಿ ಬಂದು ಆಂಧ್ರದ ಜ್ವಾಲಾಪುರಂ ಎಂಬ ಹಳ್ಳಿಯ ಮಣ್ಣಿನಲ್ಲಿ ಪದರವಾಗಿ ಕುಳಿತಿದೆ. ಆ ಬೂದಿಯ ಕೆಳಗೂ ಮೇಲೂ ಸಿಕ್ಕ ಕಲ್ಲಿನ ಆಯುಧಗಳನ್ನು ಕುರಿತು 2007ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ರವಿ ಕೋರಿಶೆಟ್ಟರ್ ಅವರ ಪಾಲೂ ಇದೆ. ತಂದೆಯವರು ಇದನ್ನು ಕೇಳಿ, 'ಹಾಗಾದರೆ ತೋಬಾ ತಾನಾಗಿಯೇ ನಮ್ಮ ಕಡೆ ಬಂದು ಹೋಗಿದೆ, ಬಿಡಿರಿ' ಎಂದು ಸಮಾಧಾನ ಮಾಡಿಕೊಂಡರು.

ಉಳಿದದ್ದು ಜಾವಾ ಮತ್ತು ಬಾಲಿ. ಜಕಾರ್ತದಲ್ಲಿ ಒಂದೇ ದಿನ. ಮಹಾನಗರವನ್ನು ನೋಡಲು ಅಷ್ಟು ದೂರ ಹೋಗಬೇಕಾದ್ದಿಲ್ಲ. ಅಲ್ಲಿಂದ ರೈಲಿನಲ್ಲಿ ಆರೇಳು ಗಂಟೆಯ ಹಾದಿ ಯೋಗ್ಯಕಾರ್ತಕ್ಕೆ. ಆ ಊರಿಗೆ ನಾಲ್ಕು ದಿನ ತೆಗೆದಿರಿಸಿದ್ದೇವೆ, ಏಕೆಂದರೆ ಬೊರೊಬುದುರ್ ಇರುವುದು ಅದರ ಸಮೀಪದಲ್ಲಿ.

ನಮ್ಮ ಪುಣೆಯ ಕನ್ನಡಿಗರಲ್ಲಿ ವೇರೂಳದ ಕೈಲಾಸವನ್ನು ನೋಡದವರು ವಿರಳ. ರಾಷ್ಟ್ರಕೂಟರು 8ನೆಯ ಶತಮಾನದಲ್ಲಿ ಅಲ್ಲಿ ಬೆಟ್ಟವನ್ನು ಮೇಲಿನಿಂದ ಕೊರೆಯುತ್ತ ಇಳಿದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಶೈಲೇಂದ್ರ ಅರಸರು ಜಾವಾದಲ್ಲಿ ಒಂದು ದಿಬ್ಬದ ಮೇಲೆ ಕಪ್ಪು ಜ್ವಾಲಾಮುಖಿ ಶಿಲೆಗಳನ್ನು ಪೇರಿಸುತ್ತ ಮೇಲೇರಿದರು. ಆರು ಚೌಕ ಅಂತಸ್ತು, ಅದರ ಮೇಲೆ ಮೂರು ವರ್ತುಲ, 72 ಜಾಲಂದರದ ಸ್ತೂಪಗಳು, ನಡುವೆ ಒಂದು ಮಹಾಸ್ತೂಪ. ಬುದ್ಧನ ಮೂರ್ತಿಗಳು 504. ಶತಮಾನಗಳ ಕಾಲ ಬೂದಿ, ಗಿಡಗಂಟಿಗಳಲ್ಲಿ ಹುದುಗಿದ್ದುದು 1814ರಲ್ಲಿ ರಾಫಲ್ಸ್ ಎಂಬ ಆಂಗ್ಲ ಅಧಿಕಾರಿಯ ಕಿವಿಗೆ ಬಿದ್ದು ಹೊರಬಂದಿತು. 1970ರ ದಶಕದಲ್ಲಿ ಯುನೆಸ್ಕೋದ ನೆರವಿನಿಂದ ಕಲ್ಲುಗಳನ್ನು ಬಿಚ್ಚಿ, ತೊಳೆದು, ನೀರು ಹರಿದುಹೋಗುವ ಏರ್ಪಾಡು ಮಾಡಿ, ಪುನಃ ಅದೇ ಜಾಗದಲ್ಲಿಟ್ಟರು. ಈಗ ಕಲ್ಲು ಸವೆಯಬಾರದೆಂದು ಮೇಲೇರುವವರ ಸಂಖ್ಯೆಗೆ ಮಿತಿ ಹಾಕಿದ್ದಾರೆ. ಮೊದಲೇ ಚೀಟಿ ಕೊಳ್ಳಬೇಕು, ಮಾರ್ಗದರ್ಶಕನ ಜೊತೆಯಲ್ಲೇ ಏರಬೇಕು. ಅವರೇ ಕೊಡುವ ನಾರಿನ ಮೆಟ್ಟನ್ನು ಧರಿಸಬೇಕು. ಅದರ ಹೆಸರು 'ಉಪಾನತ್'. ಸಂಸ್ಕೃತದ ಉಪಾನಹವೇ ಅದು! ಇದನ್ನು ಓದಿ ಹೇಳಿದಂದು ತಂದೆಯವರು ಮಧ್ಯಾಹ್ನದ ನಿದ್ದೆ ಮಾಡಲಿಲ್ಲ. ವೈಶಾಖ ಹುಣ್ಣಿಮೆಯಂದು ಮೆಂದುತ್ ಗುಡಿಯಿಂದ ಭಿಕ್ಷುಗಳ ಮೆರವಣಿಗೆ ಬೊರೊಬುದುರಿಗೆ ನಡೆಯುತ್ತದೆ. ಅದನ್ನು ನೋಡುವ ಆಸೆ ಅವರಿಗಿದ್ದರೂ ಆ ದಿನದ ಜನಜಂಗುಳಿಯಲ್ಲಿ ಅವರ ಮೊಣಕಾಲನ್ನು ನೆನೆದು ನಾವು ಬೇರೆ ವಾರವನ್ನು ಆರಿಸಿಕೊಂಡೆವು.

ಚಿಕ್ಕವನದು ಬೇರೆಯೇ ಹಟ: ಕೊಮೊಡೊ ದ್ವೀಪದ ಮಹಾ ಉಡ. ಮೂರು ಮೀಟರ್ ಉದ್ದದ ಪ್ರಾಣಿ. ನೋಡಬೇಕಾದರೆ ಫ್ಲೋರೆಸಿಗೆ ವಿಮಾನ, ಅಲ್ಲಿಂದ ದೋಣಿ. ನಮ್ಮ ಠೇವಣಿಗೆ ಅಷ್ಟು ಕಸುವಿಲ್ಲ. ಆದರೆ ಸುರಬಾಯದ ಪ್ರಾಣಿಸಂಗ್ರಹಾಲಯದಲ್ಲಿಯೂ ಆ ಉಡಗಳಿವೆ. ಆ ಊರು ಹೇಗೂ ದಾರಿಯಲ್ಲೇ ಬರುತ್ತದೆ. ಮೂರು ದಿನ ಮುಖ ಊದಿಸಿಕೊಂಡಿದ್ದು ಕೊನೆಗೆ ಒಪ್ಪಿದ. ಸುರಬಾಯದಿಂದ ಬ್ರೊಮೊ ಪರ್ವತಕ್ಕೆ. ಬ್ರಹ್ಮನ ಹೆಸರೇ ಅಲ್ಲಿ ಬ್ರೊಮೊ ಆಗಿದೆ. ಹೊಗೆಯಾಡುವ ಆ ಕುಳಿಯ ಅಂಚಿಗೆ ಮಕ್ಕಳೊಡನೆ ಒಬ್ಬರು ಏರುವುದು, ತಂದೆಯವರೊಡನೆ ಒಬ್ಬರು ಕೆಳಗೆ ಕೂಡುವುದು ಎಂದಾಗಿದೆ. ಯಾರು ಏರುವವರೆಂಬುದು ಇನ್ನೂ ತೀರ್ಮಾನವಾಗಿಲ್ಲ.

ರೈಲು ಜಾವಾದ ಪೂರ್ವದ ತುದಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಹಡಗದಲ್ಲಿ ಕಿರಿದಾದ ಜಲಸಂಧಿ ದಾಟಿ ಬಾಲಿಯಲ್ಲಿ ಇಳಿಯುವಷ್ಟರಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಬೇಕು. ಬಾಲಿ ಮನೆಯಾಕೆಯ ಆಯ್ಕೆ. ಕಡಲತೀರಕ್ಕಾಗಿ ಅಲ್ಲ, ಗದ್ದೆಗಾಗಿ. ಅವಳ ತವರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿದೆ. ಮೇಲಿನವರು ನೀರು ಹಿಡಿದರೆ ಕೆಳಗಿನ ಹೊಲ ಒಣಗುವುದನ್ನು ನೋಡುತ್ತ ಬೆಳೆದವಳು. ಬಾಲಿಯಲ್ಲಿ 'ಸುಬಕ್' ಎಂಬ ರೈತಸಂಘಗಳು 11ನೆಯ ಶತಮಾನದಿಂದಲೂ ನೀರು ಹಂಚುತ್ತ ಬಂದಿವೆ. ಯಾವ ಇಳಿಜಾರಿನ ಗದ್ದೆಗೆ ಯಾವಾಗ ನೀರು, ಯಾವಾಗ ನಾಟಿ, ಯಾವಾಗ ಬಿಡುವು ಎಂಬುದು ಜಲದೇವತೆಯ ಗುಡಿಗಳಲ್ಲಿ ನಿಶ್ಚಯವಾಗುತ್ತದೆ. ಅಕ್ಕಪಕ್ಕದ ಗದ್ದೆಗಳೆಲ್ಲ ಒಂದೇ ಕಾಲಕ್ಕೆ ಬಿಡುವು ಪಡೆಯುವುದರಿಂದ ಕೀಟಗಳಿಗೆ ಆಹಾರ ತಪ್ಪುತ್ತದೆ. 1970ರ ದಶಕದಲ್ಲಿ ಹೊಸ ತಳಿಯ ಬತ್ತ ಕೊಟ್ಟು, ಎಷ್ಟು ಬೇಗ ಬೆಳೆದರೆ ಅಷ್ಟು ಬೇಗ ಮತ್ತೆ ಬಿತ್ತಿರೆಂದು ಸರಕಾರ ಹೇಳಿದಾಗ ಈ ಪಾಳಿ ಕೆಟ್ಟಿತು. ಕೀಟಗಳ ಹಾವಳಿಯಿಂದ ಬೆಳೆ ಹಾಳಾಯಿತು. ಮುಂದೆ ಹಳೆಯ ಪಾಳಿಗೇ ಮರಳಿದರು. 2012ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮೇಲಿನ ಗದ್ದೆಯವನು ಕೆಳಗಿನವನ ಮಾತು ಕೇಳುವ ಊರೊಂದನ್ನು ಕಣ್ಣಾರೆ ಕಾಣಬೇಕೆಂದು ಅವಳ ಇಚ್ಛೆ. ಜತಿಲುವಿಹ್ ಎಂಬಲ್ಲಿ ಎರಡು ರಾತ್ರಿ ಉಳಿಯಲು ಸ್ಥಳ ನೋಡಿದ್ದೇವೆ.

ಅಲ್ಲಿ 700ಕ್ಕೂ ಹೆಚ್ಚು ಭಾಷೆಗಳಿದ್ದರೂ ಎಲ್ಲರನ್ನೂ ಕೂಡಿಸುವುದು 'ಬಹಾಸ ಇಂಡೋನೇಶಿಯಾ'. ಹೆಚ್ಚು ಜನರ ಮಾತಾದ ಜಾವಾ ಭಾಷೆಯನ್ನು ಬಿಟ್ಟು, ಕಡಿಮೆ ಜನರದಾದ ಮಲಯ ನುಡಿಯನ್ನು 1928ರಲ್ಲಿ ತರುಣರು ಐಕ್ಯದ ಭಾಷೆಯಾಗಿ ಆರಿಸಿಕೊಂಡರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿ ಆಡುವ ನಮಗೆ ಇದರ ಸ್ವಾರಸ್ಯ ಬೇಗ ತಿಳಿಯಿತು. ರಾತ್ರಿ ಊಟವಾದ ಮೇಲೆ ಹತ್ತು ಶಬ್ದ ಕಲಿಯುತ್ತೇವೆ. ಗಂಡನಿಗೆ ಸುಆಮಿ, ಹೆಂಡತಿಗೆ ಇಸ್ತ್ರಿ, ಬೆಲೆಗೆ ಹರ್ಗ. ಕಚೇರಿಯ ರಜೆಗೆ 'ಚುತಿ'. ನಮ್ಮ ಹಿಂದಿಯ ಛುಟ್ಟಿಯೇ! 'ದೋಸ' ಎಂದರೆ ಪಾಪ. ಇದೊಂದನ್ನು ಮಾತ್ರ ಮಕ್ಕಳು ಬೆಳಗಿನ ಉಪಾಹಾರದ ಹೊತ್ತಿಗೆ ದಿನವೂ ನೆನಪಿಸುತ್ತಾರೆ.

ಶಾಕಾಹಾರಿಗಳಿಗೆ ಸೋಯಾ ಕಾಳಿನ ತೆಂಪೆಯೂ, ಶೇಂಗಾ ಗೊಜ್ಜು ಸುರಿದ ಗಾದೊ-ಗಾದೊ ಎಂಬ ತರಕಾರಿಯೂ ಉಂಟು. ಆದರೆ ಅಲ್ಲಿಯ ಖಾರದಲ್ಲಿ 'ತೆರಾಸಿ' ಎಂಬ ಸೀಗಡಿಯ ಹಿಟ್ಟು ಅಡಗಿರುತ್ತದೆ; ಕೇಳದೆ ತಿನ್ನುವಂತಿಲ್ಲ. ಅವಲಕ್ಕಿ, ಚಟ್ನಿಪುಡಿ, ಮೆಂತೆಹಿಟ್ಟುಗಳ ಒಂದು ಚೀಲ ಬೇರೆಯೇ ಸಿದ್ಧವಾಗುತ್ತಿದೆ.

ತಂದೆಯವರು ಈಗ ಪ್ರತಿದಿನ ಬೆಳಗ್ಗೆ ಪರ್ವತಿ ಗುಡ್ಡದ ಮೆಟ್ಟಿಲು ಏರುತ್ತಿದ್ದಾರೆ. ಅಲ್ಲಿ ನೂರಕ್ಕೂ ಮಿಕ್ಕಿ ಮೆಟ್ಟಿಲುಗಳಿವೆ. ಮೊದಲ ವಾರ ಮೂವತ್ತಕ್ಕೆ ನಿಂತರು, ಕಳೆದ ರವಿವಾರ ಎಪ್ಪತ್ತಕ್ಕೆ. ಅಲ್ಲಿ ಕುಳಿತು ಬೆವರೊರಸಿಕೊಂಡು, ಚೀಟಿ ಯಾವ ಹೊತ್ತಿನದೆಂದು ಕೇಳಿದರು. ಬೆಳಗಿನದು ಎಂದೆವು.