ವಿಶೇಷವಿಲ್ಲದ ಒಂದು ವಾರ

ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿ, ಇಂದು ನಾಲ್ಕೂ ದಿಕ್ಕಿನಲ್ಲಿ ಉದ್ಯೋಗಸ್ಥರಾಗಿರುವ ನಮ್ಮ ಹಿಂದಿನ ವಿದ್ಯಾರ್ಥಿಗಳು ದರ್ಶನಕ್ಕೆ ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಅಪ್ಪಾವರೇ, ಮಠದಲ್ಲಿ ಏನು ವಿಶೇಷ?" ವಿಶೇಷವೇನೂ ಇಲ್ಲವೆಂದರೆ ಅವರ ಮುಖ ತುಸು ಸಪ್ಪಗಾಗುತ್ತದೆ. ಜಾತ್ರೆ, ಪುಣ್ಯಾರಾಧನೆ, ಪುರಾಣಮಂಗಲ ಇವುಗಳಲ್ಲಿಯೇ ಮಠದ ಬಾಳೆಲ್ಲ ಅಡಗಿದೆಯೆಂಬ ಭಾವನೆ ಭಕ್ತರಲ್ಲಿ ಬೇರೂರಿದೆ. ಆದರೆ ವರ್ಷದ 52 ವಾರಗಳಲ್ಲಿ ಅಂಥ ವಾರಗಳು ಐದೋ ಆರೋ ಮಾತ್ರ. ಉಳಿದವುಗಳ ಪೈಕಿ ಕಳೆದ ಕಾರ್ತಿಕದ ಒಂದು ವಾರವನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ನಮ್ಮ ದಿನ ಬೆಳಗಿನ 4 ಗಂಟೆಗೆ ಮೊದಲಾಗುತ್ತದೆ. ಈ ಅಭ್ಯಾಸ ಬಾಲ್ಯದಲ್ಲಿ ಶಿವಯೋಗಮಂದಿರದಿಂದ ಬಂದುದು. 1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಸ್ಥಾಪಿಸಿದ ಆ ಸಂಸ್ಥೆಯಲ್ಲಿ ವಟುಗಳಿಗೆ ಸಂಸ್ಕೃತ, ಯೋಗ, ವಚನಾಧ್ಯಯನಗಳೊಡನೆ ಗೋಸೇವೆಯೂ ಇತ್ತು, ಗೋಮಯದಿಂದ ವಿಭೂತಿ ಸಿದ್ಧಪಡಿಸುವ ಕಾಯಕವೂ ಇತ್ತು. ಸುಟ್ಟ ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ಗಟ್ಟಿ ಕಟ್ಟಿ ಒಣಗಿಸುವ ಆ ಕೆಲಸದಲ್ಲಿ ಅವಸರ ನಡೆಯದು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುವಾಗ ಕಲಿತುದು ಬೇರೊಂದು ಪಾಠ: ಯಾವ ಮಾತನ್ನೇ ಆಗಲಿ, ಅದು ಯಾವ ಪ್ರತಿಯಲ್ಲಿದೆ, ಯಾವ ಕಾಲದ್ದು ಎಂದು ವಿಚಾರಿಸದೆ ಒಪ್ಪಲಾಗದು. ಈ ಎರಡು ಪಾಠಗಳು ಒಂದೇ ದೇಹದಲ್ಲಿ ಸದಾ ಸಾಮರಸ್ಯದಿಂದ ಇರುತ್ತವೆಂದಲ್ಲ.

ಸೋಮವಾರ ದೀಪೋತ್ಸವದ ಜನಸಂದಣಿ. ತರುಣನೊಬ್ಬ ಹೊಸ ಮೋಟಾರ್ ಸೈಕಲ್ಲಿಗೆ ಲಿಂಬೆಹಣ್ಣು ಕಟ್ಟಿಕೊಂಡು ಆಶೀರ್ವಾದಕ್ಕೆ ಬಂದಿದ್ದ. ವಿಭೂತಿ ಹಚ್ಚಿ, ಹೆಲ್ಮೆಟ್ ಎಲ್ಲಿ ಎಂದು ಕೇಳಿದೆವು. ತಂದು ತೋರಿಸುವೆನೆಂದು ಹೋದವನು ಇನ್ನೂ ಬಂದಿಲ್ಲ.

ಮಂಗಳವಾರ ಭಕ್ತರೊಬ್ಬರು ತಮ್ಮ ಅಟ್ಟದ ಮೇಲೆ ಸಿಕ್ಕ ಕಡತವೊಂದನ್ನು ಮಡಿಬಟ್ಟೆಯಲ್ಲಿ ಸುತ್ತಿ ತಂದರು. ಇಂದಿನ ಹುಡುಗರಿಗೆ ಕಡತವೆಂದರೆ ಸರಕಾರಿ ಕಚೇರಿಯ ಫೈಲು. ಮೂಲದಲ್ಲಿ ಅದು, ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ. ಬೇಡವಾದುದನ್ನು ಅಳಿಸಿ ಮತ್ತೆ ಬರೆಯಬಹುದಾದುದರಿಂದ ಲೆಕ್ಕಪತ್ರಕ್ಕೆ ಚೆನ್ನಾಗಿ ಒದಗುತ್ತಿತ್ತು. ಅಪ್ರಕಟಿತ ವಚನಗಳು ಇರಬಹುದೆಂದು ಭಕ್ತರ ಆಸೆ. ನಮಗೆ ಆ ಆಸೆ ಇರಲಿಲ್ಲವೆನ್ನಲಾರೆವು. ಕನ್ನಡಕವೇರಿಸಿ ಒಂದು ತಾಸು ನೋಡಿದೆವು. ಅಲ್ಲಿದ್ದುದು ಜೋಳದ ಲೆಕ್ಕ! ಇಂಥವರಿಂದ ಬಂದುದು ಇಷ್ಟು ಕೊಳಗ, ಇಂಥವರಿಗೆ ಕಡ ಕೊಟ್ಟುದು ಇಷ್ಟು ಸೇರು. ಕೆಲವು ಹೆಸರುಗಳ ಮುಂದೆ ಬರಿಯ ಸೊನ್ನೆ. ಕೊಡಲಾಗದವರು ಇರಬೇಕೆಂದು ಊಹಿಸಿದೆವು. ಏನೂ ಕೊಡದವರ ಹೆಸರನ್ನೂ ಬರೆದಿಟ್ಟ ಆ ಲೆಕ್ಕಿಗನು ಯಾರೋ! ಭಕ್ತರು ನಿರಾಶರಾಗಿ ಕಡತವನ್ನು ಮಠದಲ್ಲಿಯೇ ಬಿಟ್ಟುಹೋದರು.

ಬುಧವಾರ ನಮ್ಮದೇ ಜೋಳದ ಲೆಕ್ಕ. ನಿಲಯದಲ್ಲಿ 140 ಹುಡುಗರು. ದಿನಕ್ಕೆ 500 ರೊಟ್ಟಿಗೆ ಕಡಿಮೆಯಿಲ್ಲ. ರೊಟ್ಟಿ ಯಂತ್ರವನ್ನು ಕೊಡಿಸುವೆನೆಂದು ಹಿಂದಿನ ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ. ರೊಟ್ಟಿ ಬಡಿಯುವ ತಾಯಂದಿರು ನಾಲ್ವರು. ರಟ್ಟೆ ನೋಯುತ್ತದೆ ಎನ್ನುವವರೂ ಅವರೇ, ಯಂತ್ರ ಬಂದರೆ ನಮ್ಮ ಗತಿಯೇನು ಎನ್ನುವವರೂ ಅವರೇ. ಯಂತ್ರವೂ ಬರಲಿ, ಅವರೂ ಇರಲಿ ಎಂಬುದು ನಮ್ಮ ಅಭಿಪ್ರಾಯ. ಸಂಬಳದ ಲೆಕ್ಕ ಮಾತ್ರ ಇನ್ನೂ ಕೂಡಿಲ್ಲ.

ಗುರುವಾರ ಮಧ್ಯಾಹ್ನ ಏಳನೆಯ ಇಯತ್ತೆಯ ಹುಡುಗನೊಬ್ಬನ ತಂದೆತಾಯಿ ಬಂದರು. ಕಬ್ಬಿನ ಹಂಗಾಮು ಆರಂಭವಾಗಿತ್ತು. ಕಬ್ಬು ಕಡಿಯಲು ಗಂಡಹೆಂಡಿರು ಜೋಡಿಯಾಗಿ ಹೋಗುತ್ತಾರೆ. ಇಬ್ಬರನ್ನೂ ಸೇರಿಸಿ ಒಂದು ಕೊಯ್ತಾ ಎಂದು ಎಣಿಸುವ ರೂಢಿ. ಮುಕಾದಮನಿಂದ ಮುಂಗಡವನ್ನು ಮೊದಲೇ ಪಡೆದಿರುತ್ತಾರೆ. ಅದು ಮದುವೆಗೋ ಔಷಧಕ್ಕೋ ಕರಗಿಹೋಗಿ, ಮುಂದೆ ನಾಲ್ಕೈದು ತಿಂಗಳು ದುಡಿದು ತೀರಿಸಬೇಕು. ಇವರಿಗೆ ಒಂದೂವರೆ ವರ್ಷದ ಹೆಣ್ಣುಕೂಸಿದೆ. ತಾಯಿ ಕಬ್ಬಿನ ಸಾಲಿನಲ್ಲಿರುವಾಗ ಕೂಸನ್ನು ನೋಡಿಕೊಳ್ಳಲು ಹುಡುಗ ಬೇಕು. ಮಾರ್ಚಿಗೆ ತಿರುಗಿ ತಂದುಬಿಡುತ್ತೇವೆ ಎಂದರು.

ವಿದ್ಯೆಯ ಮಹಿಮೆಯನ್ನು ಕುರಿತು ಪ್ರವಚನ ಮಾಡುವುದು ನಮಗೆ ಕಷ್ಟವಲ್ಲ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆಯನ್ನೂ ಹೇಳಬಹುದಾಗಿತ್ತು. ಆದರೆ ಆ ತಾಯಿ ಕೇಳಿದ ಪ್ರಶ್ನೆಗೆ ಎರಡರಲ್ಲಿಯೂ ಉತ್ತರವಿರಲಿಲ್ಲ: "ಕೂಸಿನ ಹತ್ರ ಯಾರ್ ಕೂಡಬೇಕ್ರೀ ಯಪ್ಪಾ?" ಹಂಗಾಮಿಗೆ ಹೋದ ಹುಡುಗ ತಿರುಗಿ ಬಂದರೂ ಹಿಂದಿನ ಬೆಂಚಿಗೆ ಬರುತ್ತಾನೆ, ಮರುವರ್ಷ ಬರುವುದೇ ಇಲ್ಲ. ನಿಲಯದ ಹಾಜರಿ ಪುಸ್ತಕ ತೆರೆದರೆ ಇದಕ್ಕೆ ಬೇರೆ ಸಾಕ್ಷಿ ಬೇಡ. ಹುಡುಗ ಕಂಬದ ಮರೆಯಲ್ಲಿ ನಿಂತಿದ್ದ. ಇರುವೆಯೋ ಹೋಗುವೆಯೋ ಎಂದು ಕೇಳಿದರೆ, ತಂಗಿಯ ಹೆಸರು ಹೇಳಿ ಸುಮ್ಮನಾದ.

ದಾರಿ ತೋರಿದುದು ನಾವಲ್ಲ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ತಾಯಿಯೊಬ್ಬಳು ಹಿಟ್ಟಿನ ಕೈಯಲ್ಲಿಯೇ ಹೊರಬಂದು, "ನಿಮ್ಮತ್ತಿ ಊರಾಗ ಒಬ್ಬಾಕೀನ ಇರ್ತಾಳಲ್ಲ, ಆಕೀನ ಕರಕೊಂಡ್ ಹೋಗ್ರಿ" ಎಂದಳು. ಸಂಜೆ ಮುದುಕಿಯೇ ಬಂದಳು. ವಯಸ್ಸು ಎಪ್ಪತ್ತರ ಮೇಲೆ. ಒಂದು ಕಣ್ಣಿಗೆ ಪೊರೆ ಬಂದಿದೆ. "ಹೋಗ್ತೇನ್ರೀ" ಎಂದಳು, ಇದರಲ್ಲಿ ಯೋಚಿಸುವುದೇನಿದೆ ಎಂಬಂತೆ. ಎರಡು ಕಂಬಳಿ ಕೊಟ್ಟು ಕಳಿಸಿದೆವು. ಹಂಗಾಮು ಮುಗಿದ ಮೇಲೆ ಆಕೆಯನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ಕರೆದೊಯ್ಯಬೇಕೆಂದು ದಿನಚರಿಯಲ್ಲಿ ಬರೆದುಕೊಂಡಿದ್ದೇವೆ.

ಹುಡುಗನೇನೋ ಉಳಿದ. ಆದರೆ ಶುಕ್ರವಾರದ ಬೆಳಗಿನ ಪೂಜೆಯಲ್ಲಿ, ಕರತಲದ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸಿದಾಗ ಎದುರಾದುದು ಆ ಪೊರೆಗಣ್ಣು. ಹೊಲದ ಬದುವಿನ ಮೇಲೆ ತಾಡಪಾಲಿನ ಗುಡಿಸಲು, ಕಾರ್ತಿಕದ ಚಳಿ, ಕೈಯಲ್ಲಿ ಅಳುವ ಕೂಸು. ಹುಡುಗನ ಓದಿಗೆ ಮಠ ಕೊಡುವುದು ಜೋಳವನ್ನು. ಆಕೆ ಕೊಡುತ್ತಿರುವುದು ಮುಪ್ಪಿನ ನೆಮ್ಮದಿಯನ್ನು. ನಮ್ಮ ದಾಸೋಹದ ಪುಸ್ತಕದಲ್ಲಿ ದಾನಿಗಳ ಪಟ್ಟಿ ದೊಡ್ಡದಿದೆ. ಅದರಲ್ಲಿ ಆಕೆಯ ಹೆಸರಿರಲಿಲ್ಲ. ಅಂದು ನಾವೇ ಬರೆದೆವು. ಮುಂದಿನ ಅಂಕಣದಲ್ಲಿ ಏನು ಬರೆಯುವುದೆಂದು ತಿಳಿಯದೆ ಖಾಲಿ ಬಿಟ್ಟೆವು. ವರ್ಷಾಂತ್ಯದಲ್ಲಿ ಲೆಕ್ಕಪರಿಶೋಧಕರು ಇದೇನೆಂದು ಕೇಳಿಯೇ ಕೇಳುತ್ತಾರೆ.

ಶನಿವಾರ ಪಕ್ಕದ ಪಟ್ಟಣದ ಸಭೆಯೊಂದರಲ್ಲಿ ಸಾನ್ನಿಧ್ಯ ವಹಿಸಿ ಬಂದೆವು. ಹಾರ-ಶಾಲುಗಳ ಹೊತ್ತನ್ನು ಕಳೆದರೆ ಅದು ಅರ್ಧ ತಾಸಿನ ಸಭೆ.

ಆದಿತ್ಯವಾರ ನಿಲಯದ ಹುಡುಗರಿಗೆ ಕ್ಷೌರ, ಬಟ್ಟೆ ಒಗೆಯುವ ಗದ್ದಲ. ಕಬ್ಬಿನವರ ಟ್ರ್ಯಾಕ್ಟರು ಮಠದ ಮುಂದಿನಿಂದ ಹೊರಟುದು ಆಗಲೇ. ಹುಡುಗ ಅರ್ಧ ಕ್ಷೌರವಾದ ತಲೆಯಲ್ಲಿಯೇ ಎದ್ದು ಅಗಸೆಯವರೆಗೆ ಓಡಿದ. ಟ್ರೇಲರಿನ ಮೇಲೆ ಪಾತ್ರೆಪಗಡೆಗಳ ನಡುವೆ ಮುದುಕಿ ಕುಳಿತಿದ್ದಳು. ಮಠದ ಕಂಬಳಿಯೊಂದನ್ನು ತಾನು ಹೊದೆಯದೆ ತೊಡೆಯ ಮೇಲಿನ ಕೂಸಿಗೆ ಸುತ್ತಿದ್ದಳು. ಧೂಳು ಅಡಗುವವರೆಗೆ ನಿಂತಿದ್ದು, ಹುಡುಗ ತಿರುಗಿ ಬಂದು, ಉಳಿದ ಅರ್ಧಕ್ಕೆ ತಲೆ ಕೊಟ್ಟು ಕುಳಿತನು.