ಸೆಕೆಂಡ್ ಹ್ಯಾಂಡ್ ಪಿಸ್ತೂಲಿನ ಉಸಿರು

ಫೆಲೋಶಿಪ್ ಹಣ ಕೂಡಿಟ್ಟು ಪಿಸ್ತೂಲು ಕೊಂಡೆ ಎಂದರೆ ಹಾಸ್ಟೆಲಿನಲ್ಲಿ ಎಲ್ಲರೂ ಕೇಳುವುದು ಒಂದೇ: ‘ಗೈಡ್‌ಗಾ?’ ನಕ್ಕು ಸುಮ್ಮನಾಗುತ್ತೇನೆ. ನನ್ನದು 4.5 ಮಿಲಿಮೀಟರಿನ ಏರ್ ಪಿಸ್ತೂಲು. ಅದರಲ್ಲಿ ಮದ್ದಿಲ್ಲ, ಒತ್ತಿ ತುಂಬಿದ ಗಾಳಿ ಮಾತ್ರ. ಹತ್ತು ಮೀಟರ್ ಆಚೆಗಿನ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಕಡಲೆಕಾಳಿನಷ್ಟು. ಹೊಸದರ ಬೆಲೆ ಕೇಳಿದರೆ ಪಿಎಚ್.ಡಿ. ಬಿಟ್ಟು ಬೇರೆ ಕೆಲಸ ಹುಡುಕಬೇಕು ಅನಿಸುತ್ತದೆ. ಹಾಗಾಗಿ ಆಟ ನಿಲ್ಲಿಸಿದ ಹಿರಿಯರೊಬ್ಬರಿಂದ ಹಳೆಯದನ್ನೇ ತಂದೆ. ಜೊತೆಗೆ ಎರಡು ಗಾಳಿ ಸಿಲಿಂಡರ್ ಬಂದವು. ಒಂದಕ್ಕೆ ಇನ್ನೂ ನಾಲ್ಕು ವರ್ಷದ ಅವಧಿ ಇತ್ತು. ಇನ್ನೊಂದರ ಮೈಮೇಲೆ ಕೊರೆದಿದ್ದ ದಿನಾಂಕದ ಪ್ರಕಾರ ಹತ್ತು ವರ್ಷದ ಆಯುಷ್ಯ ಮುಗಿದು ಎರಡು ವರ್ಷವಾಗಿತ್ತು. ಅದರ ಬೆಲೆ ಕಳೆದೇ ದುಡ್ಡು ಕೊಟ್ಟೆ. ‘ಏನೂ ಆಗಲ್ಲ, ನಾನು ಮೊನ್ನೆಮೊನ್ನೆವರೆಗೂ ಬಳಸಿದ್ದೀನಿ’ ಎಂದರು ಅವರು.

ಮೊದಲ ವಾರ ಚೆನ್ನಾಗಿಯೇ ಹೊಡೆಯಿತು. ಎರಡನೇ ವಾರದಿಂದ ಗುಂಡುಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಎಡಬಲಕ್ಕೆ ಹೋಗುವುದಿಲ್ಲ, ನೆಟ್ಟಗೆ ಕೆಳಕ್ಕೆ, ಮಳೆಹನಿ ಜಾರಿದ ಹಾಗೆ. ಕೈ ಅಲುಗಿದರೆ ಗುಂಡು ಎಲ್ಲ ದಿಕ್ಕಿಗೂ ಚದುರಬೇಕು. ಬರೀ ಕೆಳಕ್ಕೆ ಇಳಿದರೆ ವೇಗ ಕಮ್ಮಿಯಾಗುತ್ತಿದೆ ಎಂದರ್ಥ. ವೇಗ ಕಮ್ಮಿ ಎಂದರೆ ಗಾಳಿ ಕಮ್ಮಿ.

ನಾನು ಓದುತ್ತಿರುವುದು ಗ್ರಂಥಸಂಪಾದನೆ. ತಾಳೆಗರಿಯ ನಾಲ್ಕು ಪ್ರತಿಗಳನ್ನು ಎದುರಿಟ್ಟುಕೊಂಡು, ತಪ್ಪು ಯಾವ ಲಿಪಿಕಾರನ ಕೈಯಲ್ಲಿ ಒಳನುಗ್ಗಿತು ಎಂದು ಹುಡುಕುವ ಕೆಲಸ. ಅಲ್ಲಿ ಮೊದಲು ಕಲಿಸುವುದು, ತಪ್ಪಿನ ಮೂಲ ಗೊತ್ತಾಗುವ ಮುಂಚೆ ತಿದ್ದಬೇಡ ಎಂದು. ಒಂದೇ ಸಲ ಎರಡು ಕಡೆ ತಿದ್ದಿದರೆ ಯಾವುದು ಸರಿಹೋಯಿತು ಎಂದೇ ತಿಳಿಯುವುದಿಲ್ಲ. ರೇಂಜಿನಲ್ಲಿ ಮಾತ್ರ ಸಲಹೆಗಳ ಸುರಿಮಳೆ: ಸೈಟ್ ಮೇಲೆತ್ತು, ಪೆಲೆಟ್ ಬದಲಿಸು, ಸ್ವಲ್ಪ ಎಣ್ಣೆ ಬಿಡು. ಈ ಕೊನೆಯದು ಅಪಾಯದ ಸಲಹೆ. 200 ಬಾರ್ ಒತ್ತಡದ ಗಾಳಿಯ ಹತ್ತಿರ ಪೆಟ್ರೋಲಿಯಂ ಎಣ್ಣೆ ಸುಳಿಯಬಾರದು. ಅದು ಹೊತ್ತಿಕೊಳ್ಳಬಹುದು, ರಬ್ಬರ್ ಸೀಲುಗಳನ್ನೂ ಕೆಡಿಸುತ್ತದೆ. ಕಾರಿನ ಚಕ್ರದಲ್ಲಿರುವುದು ಎರಡು ಚಿಲ್ಲರೆ ಬಾರ್ ಅಷ್ಟೆ. ಅದರ ತೊಂಬತ್ತು ಪಟ್ಟು ಒತ್ತಡ ಅಂಗೈಯಗಲದ ಕೊಳವೆಯಲ್ಲಿ ಕೂತಿದೆ ಎಂದು ಯೋಚಿಸಿದರೆ ಸಾಕು.

ಹುಡುಕಾಟಕ್ಕೆ ಇಳಿಯುವ ಮುಂಚೆ ಪಿಸ್ತೂಲನ್ನು ಖಾಲಿ ಮಾಡಬೇಕು. ಸಿಲಿಂಡರ್ ಬಿಚ್ಚಿದರೆ ಖಾಲಿ ಎಂದು ಎಷ್ಟೋ ಜನ ನಂಬಿದ್ದಾರೆ. ಅಲ್ಲ. ಒಳಗಿನ ಕೋಣೆಯಲ್ಲಿ ಇನ್ನೊಂದು ಗುಂಡಿಗಾಗುವಷ್ಟು ಗಾಳಿ ಉಳಿದಿರಬಹುದು. ಹಾಗಾಗಿ ಫೈರಿಂಗ್ ಲೈನಿನಲ್ಲೇ ನಿಂತು, ನಳಿಗೆಯನ್ನು ಗುರಿಯ ಕಡೆಗೇ ಇಟ್ಟು, ಪೆಲೆಟ್ ಇಲ್ಲವೆಂದು ಕಣ್ಣಾರೆ ನೋಡಿ, ಸಿಲಿಂಡರ್ ಬಿಚ್ಚಿ, ಉಳಿದ ಗಾಳಿಯನ್ನು ಗುರಿಯತ್ತ ಬಿಡುತ್ತೇನೆ. ಆಮೇಲೆ ನಳಿಗೆಯ ಉದ್ದಕ್ಕೂ ಬಣ್ಣದ ಸುರಕ್ಷತಾ ದಾರ ತೂರಿಸಿ ಮೇಜಿಗೆ ತರುತ್ತೇನೆ.

ಈ ಅಭ್ಯಾಸ ಕೋಚ್ ಕಲಿಸುವ ಮೊದಲೇ ಮೈಗೆ ಹತ್ತಿತ್ತು. ನಮ್ಮ ಮನೆ ವಿರಾಜಪೇಟೆ ಕಡೆ. ಸೆಪ್ಟೆಂಬರಿನ ಕೈಲ್‌ಪೋದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವ ಮನೆ. ಅಜ್ಜ ಜೋಡುನಳಿಗೆಯನ್ನು ಯಾರ ಕೈಗೆ ಕೊಡುವಾಗಲೂ ಮಡಚಿ, ಒಳಗೆ ತೋಟಾ ಇಲ್ಲವೆಂದು ತೋರಿಸಿಯೇ ಕೊಡುತ್ತಿದ್ದರು. ತೆಗೆದುಕೊಂಡವರೂ ಮತ್ತೆ ಮಡಚಿ ನೋಡಬೇಕಿತ್ತು. ಈಗತಾನೇ ನೋಡಿದ್ದೀರಲ್ಲ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಪತ್ತೆ ಕೆಲಸ ಮಾತ್ರ ಸರಳ. ಅವಧಿ ಇರುವ ಸಿಲಿಂಡರನ್ನು ತುಂಬಿಸಿ, ಬಿಚ್ಚಿ, ಒಂದು ರಾತ್ರಿ ಬೇರೆ ಇಟ್ಟೆ. ಬೆಳಿಗ್ಗೆ ಮಾಪಕದ ಮುಳ್ಳು ಅಲ್ಲೇ ಇತ್ತು. ಮರುರಾತ್ರಿ ಪಿಸ್ತೂಲಿಗೆ ಜೋಡಿಸಿಟ್ಟೆ. ಮುಳ್ಳು ಇಳಿದಿತ್ತು. ಅಲ್ಲಿಗೆ ಸಿಲಿಂಡರ್ ನಿರಪರಾಧಿ. ಜೋಡಣೆಯ ಸುತ್ತ ಬ್ರಷ್‌ನಿಂದ ಸಾಬೂನು ನೀರು ಹಚ್ಚಿದೆ. ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದೇ ಜಾಗದಿಂದ ಏಳತೊಡಗಿದವು. ಓ-ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹೊಸ ಉಂಗುರ, ಚೂರು ಸಿಲಿಕೋನ್ ಗ್ರೀಸ್, ಅಷ್ಟೇ ಖರ್ಚು. ಸೋರಿಕೆ ಒಳಗಿನ ರೆಗ್ಯುಲೇಟರಿನಲ್ಲಿದ್ದರೆ ನಾನು ಬಿಚ್ಚುತ್ತಿರಲಿಲ್ಲ. ಅದು ಆರ್ಮರರ್ ಕೆಲಸ.

ಯಂತ್ರ ಕೈಕೊಡುವುದು ಬರೀ ಹಳೆಯ ಪಿಸ್ತೂಲಿನ ಪಾಡಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೆಟ್ಟಿತು. ಓಡುವ ಗಡಿಯಾರದ ಎದುರು ಸುಮಾರು ಇಪ್ಪತ್ತು ನಿಮಿಷ ಕಳೆದುಕೊಂಡರು. 575 ಅಂಕ ಪಡೆದು ಹನ್ನೆರಡನೆಯವರಾಗಿ ಫೈನಲ್ ತಪ್ಪಿಸಿಕೊಂಡರು. 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಎಲ್ಲರೂ ಆ ಕಂಚಿನ ಬಗ್ಗೆ ಬರೆಯುತ್ತಾರೆ. ನನಗೆ ನೆನಪಾಗುವುದು ಆ ಇಪ್ಪತ್ತು ನಿಮಿಷ. ಅಷ್ಟು ಅವಸರದಲ್ಲೂ ನಳಿಗೆ ಯಾರ ಕಡೆಗೂ ತಿರುಗುವಂತಿಲ್ಲ.

ಅವಸರದಲ್ಲಿ ಅದು ತಿರುಗುವುದನ್ನು ನಾನು ನೋಡಿದ್ದೇನೆ. ನಮ್ಮ ಕ್ಲಬ್ಬಿಗೆ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಬರುತ್ತಾನೆ. ಒಂದು ಭಾನುವಾರ ಅವನ ಹೊಡೆತಕ್ಕೆ ಮಂಕಾದ ಸದ್ದು ಬಂತು, ಗುರಿಯಲ್ಲಿ ತೂತಿಲ್ಲ. ಅಡ್ಡ ಏನಿದೆ ನೋಡೋಣವೆಂದು ಅವನು ನಳಿಗೆಯನ್ನು ತನ್ನ ಕಣ್ಣಿನತ್ತ ತಿರುಗಿಸತೊಡಗಿದ. ಪಕ್ಕದ ಲೇನಿನಲ್ಲಿದ್ದ ನಾನು ಅವನ ಮಣಿಕಟ್ಟು ಹಿಡಿದು ಗುರಿಯ ಕಡೆಗೆ ಒತ್ತಿದೆ. ಕೋಚ್ ಬಂದು ಸಿಲಿಂಡರ್ ಬಿಚ್ಚಿಸಿ, ನಳಿಗೆಯ ನಡುವೆ ಸಿಕ್ಕಿಕೊಂಡಿದ್ದ ಪೆಲೆಟ್ಟನ್ನು ಕಡ್ಡಿಯಿಂದ ತಳ್ಳಿ ತೆಗೆದರು. ಆಮೇಲೆ ಎಲ್ಲರನ್ನೂ ನಿಲ್ಲಿಸಿ .22 ಪಿಸ್ತೂಲಿನ ಪಾಠ ಹೇಳಿದರು. ಟ್ರಿಗರ್ ಒತ್ತಿಯೂ ಹಾರದಿದ್ದರೆ ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡ್ ಕಾಯಿರಿ, ತೋಟಾ ತಡವಾಗಿ ಸಿಡಿಯಬಹುದು. ಸದ್ದು ಮಂಕಾಗಿ ಬಂದರೆ ಇನ್ನೊಂದು ಹೊಡೆಯಬೇಡಿ, ಮೊದಲಿನ ಗುಂಡು ಒಳಗೇ ಇರಬಹುದು. ಹುಡುಗ ಮೂಲೆಯಲ್ಲಿ ನಿಂತು ಉಗುರು ಕಡಿಯುತ್ತಿದ್ದ.

ತಿಂಗಳು ಕಳೆದು ಅವನ ಅಪ್ಪ ಬಂದರು. ಮಗನಿಗೆ ಹಳೆಯ ಪಿಸ್ತೂಲೊಂದು ಸಿಕ್ಕಿದೆ, ಸಿಲಿಂಡರ್ ಇಲ್ಲ, ನಿಮ್ಮ ಬಳಿ ಒಂದು ಹೆಚ್ಚಿಗೆ ಇದೆಯಂತಲ್ಲ ಎಂದು ಕೇಳಿದರು. ಅದೇ ಮಾದರಿ, ಸರಿಯಾಗಿ ಕೂರುತ್ತಿತ್ತು. ಕೊಡುತ್ತೇನೆಂದ ದುಡ್ಡಿನಲ್ಲಿ ನನ್ನ ಒಂದು ತಿಂಗಳ ಮೆಸ್ ಬಿಲ್ ತೀರುತ್ತಿತ್ತು, ಫೆಲೋಶಿಪ್ ಬಂದು ಮೂರು ತಿಂಗಳಾಗಿತ್ತು. ದಿನಾಂಕ ತೋರಿಸಿದೆ. ‘ಸ್ವಲ್ಪ ಕಮ್ಮಿ ತುಂಬಿಸಿದರಾಯ್ತಲ್ಲ’ ಎಂದರು. ತುಂಬುವ ಪಂಪಿನೆದುರು ಕೂರುವವನು ನಿಮ್ಮ ಮಗ ಎಂದೆ. ‘ಓದಿದವರು ಜಾಸ್ತಿ ಹೆದರಿಸ್ತೀರಿ’ ಎಂದು ಎದ್ದು ಹೋದರು.

ಆ ಸಿಲಿಂಡರಿನ ಗಾಳಿ ಪೂರ್ತಿ ಬಿಟ್ಟು, ಯಾರೂ ಮತ್ತೆ ಜೋಡಿಸದಂತೆ ವರ್ಕ್‌ಶಾಪಿನಲ್ಲಿ ಅದರ ಥ್ರೆಡ್ ಕೊಯ್ಸಿದೆ. ಹುಡುಗ ಈಗಲೂ ಭಾನುವಾರ ಬರುತ್ತಾನೆ, ಎಲ್ಲಿಂದಲೋ ಸಿಲಿಂಡರ್ ಸಿಕ್ಕಿದೆ. ಅವನು ಪಿಸ್ತೂಲು ಮೇಜಿನ ಮೇಲಿಟ್ಟಾಗ ಮೊದಲು ದಾರ ಇದೆಯೇ ಎಂದು ನೋಡುತ್ತೇನೆ, ಆಮೇಲೆ ಬಗ್ಗಿ ದಿನಾಂಕ ಓದುತ್ತೇನೆ. ಇನ್ನೂ ಆರು ವರ್ಷ ಇದೆ.